ನಾಲ್ಕನೇ ನಂಬರಿನ ಹಾಸಿಗೆ

ಹಾಸಿಗೆ ಅಂಗಡಿಯಲ್ಲಿ ಗಿರಾಕಿ ನಿಜವಾಗಿಯೂ ನಿದ್ದೆ ಹೋಗಿಬಿಟ್ಟರೆ ಏನು ಮಾಡಬೇಕು ಅನ್ನುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಲಗಿಸುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದ. ಎಂಟು ವರ್ಷದಿಂದ ಸೋದರತ್ತೆಯ ಅಂಗಡಿಯಲ್ಲಿ ಅವನದು ಅದೇ ಕೆಲಸ. ಹಾಸಿಗೆಯನ್ನು ಕೈಯಲ್ಲಿ ಒತ್ತಿ ನೋಡಿ ಕೊಳ್ಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಚಪ್ಪಲಿ ಬಿಡಿಸುತ್ತಿದ್ದ. ಬ್ಯಾಗು, ಮೊಬೈಲು, ಬೀಗದ ಕೈ ಎಲ್ಲವನ್ನೂ ಇಸಿದುಕೊಂಡು ಕೌಂಟರಿನ ಡ್ರಾಯರಿಗೆ ಹಾಕುತ್ತಿದ್ದ. ಆಮೇಲೆ ಹಾಸಿಗೆಯ ಪಕ್ಕ ನಿಂತು ಎಲ್ಲರಿಗೂ ಅದೇ ಮಾತು: "ಹತ್ತು ನಿಮಿಷ ಮಲಗಿ. ಅಲ್ಲೀವರೆಗೂ ಎಲ್ಲ ನನ್ನ ಜವಾಬ್ದಾರಿ. ಏನೇ ಬಂದ್ರೂ ನಾನು ನೋಡ್ಕೋತೀನಿ." ಇಷ್ಟು ಹೇಳಿ ನೀಲಿ ಪರದೆ ಎಳೆದು ಹೋಗಿಬಿಡುತ್ತಿದ್ದ.

ಆ ಮಂಗಳವಾರ ಎರಡೂ ಮುಕ್ಕಾಲಿಗೆ ಬಂದವಳು ಸಮವಸ್ತ್ರದಲ್ಲಿದ್ದಳು. ಕಣ್ಣಿನ ಕೆಳಗೆ ಯಾರೋ ಮಸಿ ಒತ್ತಿದ ಹಾಗೆ ಕಪ್ಪು. ಒಂದು, ಎರಡು, ಮೂರು ಅಂತ ಹಾಸಿಗೆಗಳನ್ನು ಅಂಗೈಯಲ್ಲಿ ಒತ್ತುತ್ತಾ ಬಂದು ನಾಲ್ಕನೆಯದರ ಹತ್ತಿರ ನಿಂತಳು.

"ಕೈ ಮಲಗಲ್ಲ ಮೇಡಂ, ಬೆನ್ನು ಮಲಗೋದು," ಅಂದ ಅವನು.

ಅವಳು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಬೈಯಬೇಕೋ ನಗಬೇಕೋ ತೋಚದ ನೋಟ. ಎರಡಕ್ಕೂ ಶಕ್ತಿ ಸಾಲದೆ ಚಪ್ಪಲಿ ಬಿಟ್ಟಳು.

ಹತ್ತು ನಿಮಿಷವಾಯಿತು. ಅವನು ಪರದೆಯ ಹೊರಗೆ ಕೆಮ್ಮಿದ. ಇಪ್ಪತ್ತಾಯಿತು, ಇನ್ನೊಂದು ಕೆಮ್ಮು. ಒಳಗಿನಿಂದ ಸಣ್ಣ ಗೊರಕೆ ಕೇಳಿಸಿತು. ಸುಳ್ಳು ಯಾಕೆ ಹೇಳಬೇಕು, ಅಷ್ಟೇನೂ ಸಣ್ಣದಲ್ಲ.

"ಲೋ, ಇದು ಅಂಗಡಿಯೋ ಲಾಡ್ಜೋ?" ಅಂದರು ಅತ್ತೆ. "ಏಳ್ಸು ಅವಳನ್ನ."

"ಇರ್ಲಿ ಅತ್ತೆ, ಪಾಪ."

"ಪಾಪ ಅಂತೆ. ಹೋದ ವಾರ ಆ ಮೇಷ್ಟ್ರು ಕಣ್ಣು ಮುಚ್ಚಿ ಹನ್ನೊಂದು ನಿಮಿಷ ಆಗಿದ್ದಕ್ಕೆ ನೀನೇ ಎಬ್ಬಿಸಿ ಕಳಿಸ್ದೆ."

ಅವನು ಕೇಳಿಸದವನ ಹಾಗೆ ದಿಂಬಿನ ಕವರುಗಳನ್ನು ಮಡಚತೊಡಗಿದ. ಆಗಲೇ ಮಡಚಿಟ್ಟಿದ್ದ ಕವರುಗಳು ಅವು.

ಅವಳು ಎದ್ದಾಗ ನಾಲ್ಕೂವರೆ. ಕೂದಲೆಲ್ಲ ಒಂದು ಕಡೆಗೆ ಸರಿದಿತ್ತು, ಕೆನ್ನೆಯ ಮೇಲೆ ಹೊಲಿಗೆಯ ಗೆರೆ ಮೂಡಿತ್ತು. ಗಡಿಯಾರ ನೋಡಿದವಳೇ ಸಿಡುಕಿದಳು. "ಏನ್ರೀ ಇದು? ಹತ್ತು ನಿಮಿಷ ಅಂದ್ರಿ. ಯಾಕೆ ಏಳಿಸ್ಲಿಲ್ಲ?"

"ಕೆಮ್ಮಿದೆ ಮೇಡಂ. ಎರಡು ಸಲ."

"ಕೆಮ್ಮಿದ್ರೆ ಯಾರಾದ್ರೂ ಏಳ್ತಾರಾ?" ಅಂದವಳು ಮತ್ತೆ ಗಡಿಯಾರ ನೋಡಿದಳು. ಸಿಟ್ಟು ಇಳಿಯಿತು. "ಒಂದೂ ಮುಕ್ಕಾಲು ಗಂಟೆ ಮಲಗಿದ್ನಾ? ಒಂದೇ ಸಮನೆ?" ಅವಳ ಕಣ್ಣು ತುಂಬಿಬಂತು. "ಈ ಹಾಸಿಗೆ ಕಟ್ಕೊಡಿ. ಇದೇ ಬೇಕು."

ಎಂಟು ವರ್ಷದಲ್ಲಿ ಹಾಸಿಗೆ ಕೊಂಡು ಅತ್ತವರನ್ನು ಅವನು ನೋಡಿರಲಿಲ್ಲ. ಅವತ್ತು ಸಂಜೆಯೆಲ್ಲ ಅವನಿಗೆ ತಾನೊಬ್ಬ ದೊಡ್ಡ ವೈದ್ಯ ಅನ್ನಿಸಿತು.

ಆ ದೊಡ್ಡಸ್ತಿಕೆ ನಾಲ್ಕು ದಿನ ಉಳಿಯಿತು. ಶನಿವಾರ ಮತ್ತೆ ಅದೇ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಕಣ್ಣಿನ ಕೆಳಗಿನ ಮಸಿ ಇದ್ದ ಹಾಗೇ ಇತ್ತು.

"ನಿಮ್ಮ ಹಾಸಿಗೆ ನಿಮ್ಮ ಅಂಗಡೀಲಿ ಮಾತ್ರ ಕೆಲಸ ಮಾಡುತ್ತೆ," ಅಂದಳು. "ಮನೇಲಿ ಎರಡು ಗಂಟೆ. ಆಮೇಲೆ ಬೆಳಗಿನ ತನಕ ಸೂರು ನೋಡ್ತಾ ಬಿದ್ದಿರೋದು."

ಬೇರೆ ಅಂಗಡಿಯವನಾಗಿದ್ದರೆ ವಾಪಸು ತೆಗೆದುಕೊಂಡು ಕೈ ತೊಳೆದುಕೊಳ್ಳುತ್ತಿದ್ದ. ಇವನ ಕುತೂಹಲ ಬೇರೆ ಥರದ್ದು. ಚಿಕ್ಕಂದಿನಲ್ಲಿ ಮನೆಯ ರೇಡಿಯೋ ಬಿಚ್ಚಿದ್ದ, ಅತ್ತೆಯ ಹೊಲಿಗೆ ಯಂತ್ರ ಬಿಚ್ಚಿದ್ದ, ಎರಡನ್ನೂ ವಾಪಸು ಜೋಡಿಸಿರಲಿಲ್ಲ. ಅತ್ತೆ ಅವನನ್ನು ಪತ್ತೇದಾರ ಅಂತಲೇ ಕರೆಯುತ್ತಿದ್ದರು. ಅವನು ಸ್ಟೂಲು ಎಳೆದು ಕೊಟ್ಟ, ಹಾಸಿಗೆಯ ಲೇಬಲ್ಲಿನ ದಪ್ಪ ರಟ್ಟೊಂದನ್ನು ತಿರುಗಿಸಿ ಪೆನ್ನು ಹಿಡಿದ. "ಮೊದಲಿಂದ ಹೇಳಿ."

ಅವಳು ಹೇಳಿದಳು. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಆಪರೇಟರು. ಬೆಳಿಗ್ಗೆ ಆರರಿಂದ ಎರಡು. ಒಂಬತ್ತು ವರ್ಷದ ಸರ್ವೀಸು, ಒಂದು ತಪ್ಪಿಲ್ಲ. ಹೋದ ತಿಂಗಳು ಒಬ್ಬರು ಮೂರನೇ ಅಡ್ಡರಸ್ತೆ ಅಂದದ್ದನ್ನು ಇವಳು ಹದಿಮೂರು ಅಂತ ಟೈಪ್ ಮಾಡಿಬಿಟ್ಟಳು. ಡ್ರೈವರ್ ಮತ್ತೆ ಕೇಳಿದ್ದರಿಂದ ಸರಿಹೋಯಿತು. ಆರು ನಿಮಿಷ ತಡವಾದರೂ ರೋಗಿ ಉಳಿದರು.

"ಉಳೀದೇ ಇದ್ದಿದ್ರೆ?" ಅಂದು ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಆಫೀಸಿನ ಡಾಕ್ಟರು ಬಟನ್ ಒತ್ತೋ ಪರೀಕ್ಷೆ ಮಾಡಿದ್ರು. ದೀಪ ಹತ್ತಿದ ತಕ್ಷಣ ಒತ್ತಬೇಕು. ಫೇಲಾದೆ. ಇನ್ನೊಂದು ತಿಂಗಳಿಗೆ ಮತ್ತೆ ಪರೀಕ್ಷೆ. ಅದರಲ್ಲೂ ಫೇಲಾದ್ರೆ ನನ್ನ ಕುರ್ಚಿ ಹೋಯ್ತು, ರೆಕಾರ್ಡ್ ರೂಮಲ್ಲಿ ಹಳೇ ಫೈಲಿನ ಧೂಳು ಹೊಡೀಬೇಕು. ಆ ಕೆಲಸ ಬಿಟ್ರೆ ನಂಗೆ ಬೇರೇನೂ ಬರಲ್ಲ. ಬೇರೇನೂ ಇಷ್ಟಾನೂ ಇಲ್ಲ."

"ಮಾತ್ರೆ?"

"ತಗೊಂಡ್ರೆ ಬೆಳಿಗ್ಗೆ ತಲೆ ಮಂಕು. ಈ ಹಾಳೆ ಕೊಟ್ಟಿದ್ದಾರೆ, ಮಲಗೋ ಮುಂಚೆ ಏನೇನು ಮಾಡ್ಬೇಕು ಅಂತ. ಎಲ್ಲಾನೂ ಒಂದೇ ದಿನ ಮಾಡಿದೆ. ಮಾಡಿ ಮಾಡಿ ಸುಸ್ತಾಯ್ತೇ ಹೊರತು ನಿದ್ದೆ ಬರಲಿಲ್ಲ."

ಹಾಳೆ ನೋಡಿ ಅವನ ಕಣ್ಣು ಮಿನುಗಿತು. ಹನ್ನೆರಡು ಸಾಲು. "ಎಲ್ಲ ಒಟ್ಟಿಗೆ ಮಾಡಿದ್ರೆ ಯಾವುದು ಕೆಲಸ ಮಾಡ್ತು ಅಂತ ಹೇಗೆ ಗೊತ್ತಾಗ್ಬೇಕು? ಒಂದೊಂದಕ್ಕೂ ಎರಡು ರಾತ್ರಿ. ಒಂದು ಸೇರಿಸಿ ನೋಡೋಣ, ಗುಣ ಕಂಡ್ರೆ ಇಟ್ಕೊಳ್ಳೋಣ, ಇಲ್ಲಾಂದ್ರೆ ಬಿಡೋಣ. ಡ್ಯೂಟಿ ಮುಗಿಸಿ ಹೋಗ್ತಾ ಬಂದು ವರದಿ ಕೊಡಿ."

"ಇದರಲ್ಲಿ ನಿಮಗೇನು ಲಾಭ?"

"ನನ್ನ ಹಾಸಿಗೆ ಮೇಲೆ ಅಪವಾದ ಬಂದಿದೆ ಮೇಡಂ."

ಅತ್ತೆ ಕೌಂಟರಿನ ಹಿಂದೆ ಮೂಗಿನಲ್ಲೇ ನಕ್ಕರು.

ಹೀಗೆ ಶುರುವಾಯಿತು. ಮೊದಲನೆಯದು ಮೊಬೈಲು. ಅದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಬೇಕು. ವರದಿ: ಎರಡು ಗಂಟೆ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಹೆಚ್ಚಾಗಿದ್ದಕ್ಕೆ ಅವನು ರಟ್ಟಿನ ಮೇಲೆ ಎರಡು ಗೆರೆ ಎಳೆದ. ಎರಡನೆಯದು ಗಡಿಯಾರವನ್ನು ಗೋಡೆಗೆ ಮುಖ ಮಾಡಿ ಇಡುವುದು. ಕತ್ತಲಲ್ಲಿ ಎದ್ದು ಹೋಗಿ ತಿರುಗಿಸಿ ನೋಡಿದ್ದಾಗಿ ಅವಳೇ ಒಪ್ಪಿಕೊಂಡಳು.

"ಮೋಸ," ಅಂದ.

"ಎಷ್ಟು ಹೊತ್ತು ನಿದ್ದೆ ಬಂದಿಲ್ಲ ಅಂತ ಗೊತ್ತಾಗೋದು ಬೇಡ್ವಾ? ನೀವೇ ತಾನೇ ವರದಿ ಕೇಳೋದು?"

ಗಡಿಯಾರವನ್ನು ಅಂಗಡಿಗೇ ತಂದಿಡಲು ಹೇಳಿದ. ಮರುದಿನ ಅವಳು ಅದನ್ನು ತಂದು ಅವನ ಕೈಗೆ ಕೊಟ್ಟಳು. ಹಳೆಯ ಗುಂಡು ಗಡಿಯಾರ. ಅದನ್ನು ಎಲ್ಲಿಡಬೇಕು ಅಂತ ಅವನು ಅರ್ಧ ಗಂಟೆ ಯೋಚಿಸಿದ್ದನ್ನು ಅತ್ತೆ ಕಂಡೂ ಕಾಣದ ಹಾಗೆ ಇದ್ದರು.

ನಾಲ್ಕು ಗಂಟೆಯ ಮೇಲೆ ಚಹಾ ಬಿಡಿಸಿದ. ಅದು ಒಳ್ಳೆಯದೇ ಮಾಡಿತು. ಬಿಸಿನೀರಲ್ಲಿ ಹತ್ತು ನಿಮಿಷ ಕಾಲಿಡುವುದು ಅದಕ್ಕಿಂತ ಒಳ್ಳೆಯದು ಮಾಡಿತು. ಹಗಲಲ್ಲಿ ಮಲಗಕೂಡದು ಅನ್ನುವ ಸಾಲು ಬಂದ ದಿನ ಇಬ್ಬರೂ ನಾಲ್ಕನೇ ನಂಬರಿನ ಕಡೆಗೆ ಒಮ್ಮೆ ನೋಡಿದರು.

"ಅಂದ್ರೆ ಇನ್ಮೇಲೆ ಇಲ್ಲೂ ಮಲಗೋ ಹಾಗಿಲ್ವಾ?"

"ಇಲ್ಲ. ಅಂಚಲ್ಲಿ ಕೂತ್ಕೋಬಹುದು."

"ಕ್ರೂರಿ ಕಣ್ರೀ ನೀವು," ಅಂದಳು. ಆದರೆ ಅಂಚಿನಲ್ಲಿ ಕೂತಳು. ಕೂತು ಮುಕ್ಕಾಲು ಗಂಟೆ ಮಾತಾಡಿದಳು. ಫೋನಿನಲ್ಲಿ ಅಳುವವರಿಗೆ ಮೊದಲು ವಿಳಾಸ ಕೇಳಬೇಕಂತೆ, ಸಮಾಧಾನ ಆಮೇಲಂತೆ. ಮೊದಲು ಸಮಾಧಾನ ಮಾಡಿದರೆ ವಿಳಾಸ ಮರೆಯುತ್ತಾರಂತೆ. ಅವನು ಬಾಯಿ ತೆರೆದುಕೊಂಡು ಕೇಳಿದ.

ನೀರಸವಾದ ಪುಸ್ತಕ ಓದಬೇಕು ಅನ್ನುವುದು ಏಳನೆಯ ಸಾಲು. ಅವನಿಗೆ ಗೊತ್ತಿದ್ದ ಅತ್ಯಂತ ನೀರಸ ಪುಸ್ತಕ ಅಂದರೆ ಸ್ಪ್ರಿಂಗ್ ಕಾರ್ಖಾನೆಯ ಕೈಪಿಡಿ. ಬಹಳ ನಂಬಿಕೆಯಿಂದ ಕೊಟ್ಟ. ಮರುದಿನ ಅವಳು ಕೆಂಪು ಕಣ್ಣು ಬಿಟ್ಟುಕೊಂಡು ಬಂದಳು.

"ರೀ, ಸೊಂಟದ ಹತ್ರ ಬೇರೆ ದಪ್ಪದ ತಂತಿ, ಹೆಗಲಿಗೆ ಬೇರೆ ತಂತಿ ಹಾಕ್ತಾರಂತಲ್ಲ, ಹೌದಾ? ಮಗ್ಗುಲಾಗಿ ಮಲಗೋರಿಗೆ ಏನು ಗತಿ?"

"ನೀವು ಅದನ್ನ ಓದಿದ್ರಾ?"

"ಎರಡು ಗಂಟೆ ತನಕ. ಎಷ್ಟು ಚೆನ್ನಾಗಿದೆ."

ಅವನು ತಲೆಯ ಮೇಲೆ ಕೈಹೊತ್ತು ಕೂತ. ಎಂಟು ವರ್ಷದಲ್ಲಿ ಆ ಪುಸ್ತಕದ ಬಗ್ಗೆ ಅವನ ಹತ್ತಿರ ಮಾತಾಡಿದ ಮೊದಲನೆಯವಳು ಅವಳು. ಮಗ್ಗುಲಾಗಿ ಮಲಗುವವರ ಗತಿ ಏನು ಅನ್ನುವುದನ್ನು ಅಂಗಡಿ ಮುಚ್ಚುವ ತನಕ ವಿವರಿಸಿದ. ಅವಳು ಗದ್ದಕ್ಕೆ ಕೈಕೊಟ್ಟು ಕೇಳಿದಳು, ನಡುನಡುವೆ ಅವನ ಮುಖ ನೋಡಿ ಸುಮ್ಮನೆ ನಕ್ಕಳು. ಆ ನಗು ಸ್ಪ್ರಿಂಗಿಗೆ ಸಂಬಂಧಪಟ್ಟದ್ದಲ್ಲ ಅಂತ ಅವನಿಗೆ ಗೊತ್ತಾದದ್ದು ಮನೆಗೆ ಹೋದ ಮೇಲೆ.

ಹದಿನಾರನೇ ದಿನಕ್ಕೆ ನಿದ್ದೆ ಮೂರೂವರೆ ಗಂಟೆಗೆ ಬಂದು ನಿಂತಿತು. ಅಲ್ಲಿಂದ ಮುಂದಕ್ಕೆ ಸುತರಾಂ ಹೋಗಲೊಲ್ಲದು. ಬಟನ್ ಪರೀಕ್ಷೆಗೆ ಅದು ಸಾಲದು ಅಂತ ಅವಳಿಗೆ ಗೊತ್ತಿತ್ತು. ವರದಿ ಕೊಡುವಾಗ ಜೋಕು ಮಾಡುವುದು ಕಡಿಮೆಯಾಯಿತು. ಅದು ಅವನನ್ನು ತಿನ್ನತೊಡಗಿತು.

ಆಗ ಅವನ ತಲೆಗೆ ಹೊಸ ಹುಳ ಹೊಕ್ಕಿತು. ಅವಳು ಅಂಗಡಿಯಲ್ಲಿ ಮಲಗಿದ್ದು ಪ್ರದರ್ಶನದ ಹಾಸಿಗೆ, ಮನೆಗೆ ಹೋದದ್ದು ಕಾರ್ಖಾನೆಯಿಂದ ಬಂದ ಹೊಸದು. ಎಂಟು ವರ್ಷ ಸಾವಿರಾರು ಬೆನ್ನುಗಳು ಉರುಳಾಡಿ ಹದವಾದ ಹಾಸಿಗೆಗೂ ಹೊಸದಕ್ಕೂ ವ್ಯತ್ಯಾಸ ಇರದೆ ಇರುತ್ತದೆಯೇ? ಹಾಸಿಗೆ ಮಾರುವವನಲ್ಲದೆ ಬೇರೆ ಯಾರ ತಲೆಗೂ ಇದು ಹೊಳೆಯುತ್ತಿರಲಿಲ್ಲ. ಅದೇ ತೊಂದರೆಯಾದದ್ದು. ಅವತ್ತೇ ಸಂಜೆ ಗೂಡ್ಸ್ ಆಟೋದಲ್ಲಿ ಅಂಗಡಿಯ ನಾಲ್ಕನೇ ನಂಬರನ್ನು ಅವಳ ಮನೆಗೆ ಸಾಗಿಸಿದ, ಅವಳದನ್ನು ತಂದು ಅದರ ಜಾಗಕ್ಕೆ ಹಾಕಿದ. ಅಂಗಡಿಯ ಹಳೆಯ ಟೇಬಲ್ ಫ್ಯಾನನ್ನೂ ಹಿಂದೆಯೇ ಕಳಿಸಿದ. ಅದರ ಕಟಕಟ ಸದ್ದಿಗೇ ನಿದ್ದೆ ಬಂದಿರಬಹುದು ಅನ್ನುವುದು ಅವನ ಇನ್ನೊಂದು ಅನುಮಾನ.

"ಹಾಸಿಗೆ ಹೋಯ್ತು, ಫ್ಯಾನೂ ಹೋಯ್ತು," ಅಂದರು ಬೆವರು ಒರೆಸಿಕೊಳ್ಳುತ್ತಾ ಅತ್ತೆ. "ನೀನೊಬ್ಬ ಉಳ್ಕೊಂಡಿದ್ದೀಯ. ನಿನ್ನನ್ನೂ ಆಟೋದಲ್ಲಿ ಹಾಕಿ ಕಳಿಸ್ಲಾ?"

ಅವನ ಕಿವಿ ಕೆಂಪಾಯಿತು.

ಮರುದಿನ ಬಂದವಳು ತಲೆ ಅಲ್ಲಾಡಿಸಿದಳು. ಅದೇ ಮೂರೂವರೆ. "ಇವತ್ತೊಂದು ಐದು ನಿಮಿಷ ಮಲಗ್ತೀನಿ. ಬೇಡ ಅನ್ಬೇಡಿ, ನಿಂತ್ಕೊಳ್ಳೋಕಾಗ್ತಿಲ್ಲ."

ಅವನು ಬೇಡ ಅನ್ನಲಿಲ್ಲ. ಬ್ಯಾಗು ಇಸಿದುಕೊಂಡ, ಮೊಬೈಲು ಇಸಿದುಕೊಂಡ. "ಮಲಗಿ. ಎಲ್ಲ ನನ್ನ ಜವಾಬ್ದಾರಿ," ಅಂದು ಪರದೆ ಎಳೆದ. ಅವನು ಕೌಂಟರು ತಲುಪುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಕೌಂಟರಿನ ಹತ್ತಿರ ನಿಂತವನು ಹಾಗೇ ನಿಂತುಬಿಟ್ಟ. ಆ ಹಾಸಿಗೆ ಅವಳದೇ. ಇಷ್ಟು ದಿನ ಮನೆಯಲ್ಲಿ ಅವಳನ್ನು ಎಚ್ಚರವಾಗಿಟ್ಟಿದ್ದ ಅದೇ ಹಾಸಿಗೆಯ ಮೇಲೆ, ಫ್ಯಾನೂ ಇಲ್ಲದೆ, ಅವಳು ಮಗುವಿನ ಹಾಗೆ ಮಲಗಿದ್ದಳು. ಅಂದರೆ ಹಾಸಿಗೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಎಂಟು ವರ್ಷದ ವಿದ್ಯೆ ಮಣ್ಣುಪಾಲಾಯಿತು ಅನ್ನಿಸಿ ಅವನಿಗೆ ಅಳು ಬಂದ ಹಾಗಾಯಿತು. ಮರುಕ್ಷಣವೇ ಕುತೂಹಲ ಅಳುವನ್ನು ಪಕ್ಕಕ್ಕೆ ತಳ್ಳಿತು. ಹಾಸಿಗೆ ಅಲ್ಲದಿದ್ದರೆ ಮತ್ತೇನು?

ಉತ್ತರ ಸಿಕ್ಕಿದ್ದು ಅತ್ತೆಯಿಂದ, ಅವರಿಗೇ ಗೊತ್ತಿಲ್ಲದೆ. ಇಪ್ಪತ್ತನೇ ದಿನ ಅವನು ದಿಂಬಿನ ಸರಕು ಬಿಡಿಸಲು ಗೋದಾಮಿಗೆ ಹೋಗಿದ್ದ. ವಾಪಸು ಬಂದು ಪರದೆ ಸರಿಸಿದಾಗ ಅವಳು ನಾಲ್ಕನೇ ನಂಬರಿನ ಮೇಲೆ ಅಂಗಾತ ಮಲಗಿ, ಕಣ್ಣು ಅಗಲ ಬಿಟ್ಟುಕೊಂಡು ಸೂರು ನೋಡುತ್ತಿದ್ದಳು.

"ಇಪ್ಪತ್ತು ನಿಮಿಷದಿಂದ ಹೀಗೇ ಇದ್ದಾಳೆ," ಅಂದರು ಅತ್ತೆ. "ನಾನು ಮಲಗಿಸಿದ್ರೆ ನಿದ್ದೆ ಬರಲ್ವಂತೆ ಮಹಾರಾಣಿಗೆ."

ಅವನ ಕಿವಿ ನೆಟ್ಟಗಾಯಿತು. "ಅತ್ತೆ, ಬ್ಯಾಗ್ ಇಸ್ಕೊಂಡ್ರಾ?"

"ಇಸ್ಕೊಂಡೆ."

"ಮೊಬೈಲು?"

"ಇಸ್ಕೊಂಡೆ ಕಣೋ. ಪರದೇನೂ ಎಳ್ದೆ."

"ಏನು ಹೇಳಿದ್ರಿ?"

"ಮಲ್ಕೊಳಮ್ಮ ಅಂದೆ. ಇನ್ನೇನು ಲಾಲಿ ಹಾಡಬೇಕಿತ್ತಾ?"

ಅವನು ಸ್ಟೂಲು ಎಳೆದುಕೊಂಡು ಅವಳೆದುರು ಕೂತ. ಅವಳು ಎದ್ದು ಕೂತಳು. "ಒಂದು ಪ್ರಶ್ನೆ," ಅಂದ. "ನಿಮ್ಮ ಆಫೀಸಲ್ಲಿ ಎರಡು ಗಂಟೆಗೆ ಶಿಫ್ಟು ಮುಗಿಯುತ್ತಲ್ಲ, ಆಗ ಎದ್ದು ಬಂದುಬಿಡ್ತೀರಾ?"

"ಹಾಗೆಲ್ಲ ಬರೋಕಾಗುತ್ತಾ? ಡ್ಯೂಟಿ ಕೊಡಬೇಕು. ಮುಂದಿನವರು ಬಂದು ಪಕ್ಕದಲ್ಲಿ ನಿಲ್ತಾರೆ. ನಾನು 'ಡ್ಯೂಟಿ ಕೊಟ್ಟೆ' ಅನ್ಬೇಕು, ಅವರು 'ತಗೊಂಡೆ' ಅನ್ಬೇಕು. ಬಾಯಿಬಿಟ್ಟು ಅನ್ಬೇಕು, ತಲೆ ಆಡಿಸಿದ್ರೆ ನಡೆಯಲ್ಲ. ಒಂದು ಸಲ ಮುಂದಿನ ಶಿಫ್ಟಿನವಳಿಗೆ ಗಂಟಲು ಕಟ್ಟಿ ದನಿಯೇ ಇರಲಿಲ್ಲ, ಸುಮ್ಮನೆ ತಲೆ ಆಡಿಸಿದ್ಲು. ಇನ್ನೊಬ್ಬರು ಬರೋ ತನಕ ನಲವತ್ತು ನಿಮಿಷ ನಾನು ಕುರ್ಚಿ ಬಿಟ್ಟು ಏಳಲಿಲ್ಲ." ಹೇಳುತ್ತಾ ಹೇಳುತ್ತಾ ಅವಳ ದನಿ ನಿಧಾನವಾಯಿತು. "ಯಾಕೆ ಕೇಳಿದ್ರಿ?"

"ನಾನು ಪರದೆ ಎಳೆಯೋ ಮುಂಚೆ ಏನು ಹೇಳ್ತೀನಿ?"

"ಎಲ್ಲ ನನ್ನ ಜವಾಬ್ದಾರಿ ಅಂತ," ಅಂದಳು ಪರದೆಯನ್ನೇ ನೋಡುತ್ತಾ. ಅತ್ತೆ ಕೈಯಲ್ಲಿದ್ದ ಕತ್ತರಿಯನ್ನು ಸದ್ದಾಗದ ಹಾಗೆ ಕೆಳಗಿಟ್ಟರು.

"ಅಮ್ಮ ಮೂರು ವರ್ಷ ಹಾಸಿಗೆ ಹಿಡಿದಿದ್ರು," ಅಂದಳು ಆಮೇಲೆ. "ಮಾತು ನಿಂತುಹೋಗಿತ್ತು. ಹಗಲು ನರ್ಸ್ ಬರ್ತಿದ್ರು, ರಾತ್ರಿ ನಾನು. ಏನಾದ್ರೂ ಬೇಕಿದ್ರೆ ಗ್ಲಾಸಿಗೆ ಚಮಚ ಬಡೀತಿದ್ರು. ಟಿಣ್ ಅಂದ್ರೆ ಸಾಕು, ನಾನು ಪಕ್ಕದ ರೂಮಿಂದ ಹಾರಿ ಹೋಗ್ತಿದ್ದೆ. ಒಂದು ಕಿವಿ ಆ ಕಡೆ ಇಟ್ಟೇ ಮಲಗೋದು ಅಭ್ಯಾಸ ಆಯ್ತು." ಅವಳು ಹಾಸಿಗೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಹೋಗಿದ್ದು ಹಗಲು ಹೊತ್ತಲ್ಲಿ. ನಾನು ಡ್ಯೂಟಿಲಿ ಯಾರದೋ ತಾಯಿಗೆ ಆಂಬುಲೆನ್ಸ್ ಕಳಿಸ್ತಾ ಇದ್ದೆ. ಮನೆಗೆ ಬರೋ ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಗ್ಲಾಸು ತೊಳೆದು ಬೋರಲು ಹಾಕಿದ್ರು. ಒಂದೂವರೆ ವರ್ಷ ಆಯ್ತು. ಡ್ಯೂಟಿ ಮುಗೀತು ಅಂತ ನಂಗೆ ಯಾರೂ ಹೇಳ್ಲೇ ಇಲ್ಲ ಕಣ್ರೀ. ಯಾರಿಗೆ ಕೊಡ್ಲಿ?"

ಅವಳು ಅತ್ತಳು. ಮೊದಲ ದಿನದ ಹಾಗೆ ಕಣ್ಣು ತುಂಬಿಕೊಂಡು ನಿಲ್ಲಿಸಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು. ಅವನಿಗೆ ಅವಳನ್ನು ಎದೆಗೆ ಒತ್ತಿಕೊಳ್ಳಬೇಕು ಅನ್ನಿಸಿತು. ಧೈರ್ಯ ಬರದೆ ಹೊಸ ದಿಂಬಿನ ಕವರೊಂದನ್ನು ಮುಂದೆ ಹಿಡಿದ. ಅವಳು ಅದರಲ್ಲೇ ಮೂಗು ಒರೆಸಿಕೊಂಡಳು.

"ನನಗೆ ಕೊಡಿ," ಅಂದ ಅವನು.

"ಏನನ್ನ?"

"ಡ್ಯೂಟಿನ. ದಿನಾ ರಾತ್ರಿ ಹತ್ತು ಗಂಟೆಗೆ ಅಡುಗೆಮನೆಯಿಂದ ಫೋನ್ ಮಾಡಿ. ಕೊಟ್ಟೆ ಅನ್ನಿ. ನಾನು ತಗೋತೀನಿ. ಫೋನು ಅಲ್ಲೇ ಇಟ್ಟು ಹೋಗಿ ಮಲಗಿ."

"ತಗೊಂಡು ಏನು ನೋಡ್ಕೋತೀರಿ? ಅಮ್ಮನೇ ಇಲ್ಲ."

"ಏನು ಬರುತ್ತೋ ಅದನ್ನ ನೋಡ್ಕೋತೀನಿ. ಬರದೇ ಇದ್ರೆ, ಬರ್ಲಿಲ್ಲ ಅನ್ನೋದನ್ನ ನೋಡ್ಕೋತೀನಿ."

ಒದ್ದೆ ಕಣ್ಣಲ್ಲೇ ಅವಳು ಅವನನ್ನು ನೋಡಿದಳು. ಮೊದಲ ದಿನ ಮೇಲಿಂದ ಕೆಳಗೆ ನೋಡಿದ್ದಳು. ಇವತ್ತು ನೋಟ ಮುಖ ಬಿಟ್ಟು ಕೆಳಗೆ ಇಳಿಯಲೇ ಇಲ್ಲ.

ಒಂದು ಕಟ್ಟುಪಾಡು ಅವನೇ ಹಾಕಿದ. ಫೋನಿನಲ್ಲಿ ಆ ಎರಡು ಮಾತು ಬಿಟ್ಟು ಮೂರನೆಯದು ಆಡುವ ಹಾಗಿಲ್ಲ. ಮಾತಿಗೆ ನಿಂತರೆ ನಿದ್ದೆ ಹಾರಿಹೋಗುತ್ತದೆ ಅಂತ ಕಾರಣ ಕೊಟ್ಟ. ನಿಜವಾದ ಕಾರಣ, ಮೂರನೆಯ ಮಾತಿಗೆ ಅವಕಾಶ ಸಿಕ್ಕರೆ ತನ್ನ ಬಾಯಿಂದ ಏನು ಹೊರಬೀಳುತ್ತದೋ ಅನ್ನುವ ಹೆದರಿಕೆ.

ಮೊದಲ ರಾತ್ರಿ ಸರಿಯಾಗಿ ಹತ್ತಕ್ಕೆ ಅವಳ ಫೋನು ಬಂತು. "ಡ್ಯೂಟಿ ಕೊಟ್ಟೆ."

"ತಗೊಂಡೆ."

ಮರುದಿನ ಅವಳು ವರದಿಗೆ ಬಂದದ್ದು ಓಡುತ್ತಾ. ಐದು ಗಂಟೆ ಹತ್ತು ನಿಮಿಷ. ಮೂರನೇ ದಿನ ಆರು. ಚಹಾ ಬಿಟ್ಟದ್ದು, ಬಿಸಿನೀರಲ್ಲಿ ಕಾಲಿಟ್ಟದ್ದು, ಮೊಬೈಲು ದೂರವಿಟ್ಟದ್ದು ಎಲ್ಲವೂ ಈಗ ಒಂದಕ್ಕೊಂದು ಕೈಹಿಡಿದು ಕೆಲಸ ಮಾಡತೊಡಗಿದವು. ಕಣ್ಣಿನ ಕೆಳಗಿನ ಮಸಿ ದಿನದಿಂದ ದಿನಕ್ಕೆ ಮಾಸಿತು. ಅಲ್ಲಿ ಒಂದು ಸಣ್ಣ ಮಚ್ಚೆ ಇದೆ ಅಂತ ಅವನಿಗೆ ಆಗಲೇ ಗೊತ್ತಾದದ್ದು.

ಅವನಿಗೆ ಇನ್ನೊಂದು ವಿಷಯವೂ ಗೊತ್ತಾಯಿತು, ಯಾರಿಗೂ ಹೇಳಲಿಲ್ಲ. ಡ್ಯೂಟಿ ತೆಗೆದುಕೊಂಡವನಿಗೆ ನಿದ್ದೆ ಬರುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅದು ಬರೀ ಮಾತು ಅಂದುಕೊಂಡು ಮುಸುಕು ಎಳೆಯುತ್ತಿದ್ದರು. ಇವನು ನೋಡ್ಕೋತೀನಿ ಅಂದ ಮೇಲೆ ನೋಡಿಕೊಳ್ಳಲೇಬೇಕು ಅನ್ನುವ ಜಾತಿ. ಸ್ಕೂಟರಿನ ಕೀ ದಿಂಬಿನ ಪಕ್ಕ, ಮೊಬೈಲು ಎದೆಯ ಮೇಲೆ. ಅವಳ ಆ ಗುಂಡು ಗಡಿಯಾರ ಮುಖಕ್ಕೆ ಎದುರು. ಅವಳು ಡ್ಯೂಟಿಗೆ ಹೊರಡಲು ಏಳುವ ನಾಲ್ಕೂವರೆಯ ತನಕ ಕಣ್ಣಿಗೆ ಕಣ್ಣು ಹತ್ತಿಸುತ್ತಿರಲಿಲ್ಲ. ಆಮೇಲೆ ಒಂದೆರಡು ಗಂಟೆ ಮಲಗಿ ಅಂಗಡಿಗೆ ಬಂದು, ಗಿರಾಕಿಗಳಿಗೆ ಎರಡನೇ ನಂಬರನ್ನು ಏಳನೆಯದು ಅಂತ ತೋರಿಸುತ್ತಿದ್ದ.

ಇನ್ನೊಂದು ಚಿಂತೆಯೂ ಅವನನ್ನು ಕೊರೆಯುತ್ತಿತ್ತು. ನಿದ್ದೆ ಸರಿಹೋಯಿತು ಅಂದರೆ ವರದಿ ಕೊಡುವ ಕೆಲಸವೂ ಮುಗಿಯಿತು. ಅಂಚಿನಲ್ಲಿ ಕೂರಲು ಅವಳಿಗೆ ಇನ್ನೇನು ನೆಪ? ಇಷ್ಟು ಜಾಣ ಪತ್ತೇದಾರನಿಗೆ ಈ ಒಂದು ಲೆಕ್ಕ ಮಾತ್ರ ಮೊದಲೇ ಹೊಳೆದಿರಲಿಲ್ಲ.

ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ಮೂರು ಗಂಟೆಗೆ ಅವಳು ಕೈಯಲ್ಲಿ ಕಾಗದ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು. ಒಳಗೆ ಸದ್ದಿಲ್ಲ. ಕೌಂಟರಿನಲ್ಲಿ ಅತ್ತೆ ಒಬ್ಬರೇ.

"ಪಾಸಾದೆ ಅತ್ತೆ," ಅಂದಳು. ಅವಳೂ ಅತ್ತೆ ಅಂತಲೇ ಕರೆಯತೊಡಗಿ ವಾರವಾಗಿತ್ತು. "ಕುರ್ಚಿ ಉಳೀತು. ಎಲ್ಲಿ ಅವರು?"

ಅತ್ತೆ ತುಟಿಯ ಮೇಲೆ ಬೆರಳಿಟ್ಟು ನೀಲಿ ಪರದೆಯ ಕಡೆ ತೋರಿಸಿದರು. "ಅಲ್ಲಿ ಬಿದ್ದಿದ್ದಾನೆ ನೋಡು. ಹತ್ತು ದಿನದಿಂದ ರಾತ್ರಿ ಕಾವಲು ಕಾಯ್ತಾನೆ, ಹಗಲು ತೂಕಡಿಸ್ತಾನೆ. ಇವತ್ತು ಗಿರಾಕಿಗೆ ಹಾಸಿಗೆ ತೋರಿಸ್ತಾ ತೋರಿಸ್ತಾ ತಾನೇ ಉರುಳ್ಕೊಂಡ. ಬಂದವರು ಹೆದರಿ ಹೋದ್ರು."

"ಕಾವಲಾ?"

"ನೀನು ಕೊಟ್ಟೆ, ಅವನು ತಗೊಂಡ. ಅವನನ್ನ ಬೆಳೆಸಿದ್ದು ನಾನು, ನಂಗೊತ್ತಿಲ್ವಾ? ಏನಾದ್ರೂ ಕೈಗೆ ಕೊಟ್ರೆ ಕೆಳಗಿಡೋ ಬುದ್ಧಿಯೇ ಇಲ್ಲ ಅದಕ್ಕೆ." ಅತ್ತೆಯ ದನಿ ಮೆತ್ತಗಾಯಿತು. "ನಂಗೆ ದಿಂಬಿನ ಲೆಕ್ಕ ನೋಡೋದಿದೆ, ಹಿಂದುಗಡೆ ಇರ್ತೀನಿ."

ಅವಳು ಪರದೆ ಸರಿಸಿದಳು. ನಾಲ್ಕನೇ ನಂಬರಿನ ಮೇಲೆ ಅವನು ಮುದುಡಿಕೊಂಡು ಮಲಗಿದ್ದ. ಚಪ್ಪಲಿ ಕಾಲಲ್ಲೇ ಇತ್ತು. ಮೊಬೈಲನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದ. ಹತ್ತು ರಾತ್ರಿ ತಾನು ನೆಮ್ಮದಿಯಾಗಿ ಮಲಗಿದ್ದು ಯಾರ ನಿದ್ದೆಯನ್ನು ಕಸಿದುಕೊಂಡು ಅಂತ ಅವಳಿಗೆ ಆಗ ಅರ್ಥವಾಯಿತು. ಎಷ್ಟೋ ವರ್ಷದ ಮೇಲೆ ತನಗೋಸ್ಕರ ಯಾರೋ ಎಚ್ಚರವಿದ್ದರು.

ಬಗ್ಗಿ ಅವನ ಚಪ್ಪಲಿ ತೆಗೆದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೊಬೈಲು ತೆಗೆಯುವಾಗ ಅವನಿಗೆ ಎಚ್ಚರವಾಯಿತು. ಗಡಬಡಿಸಿ ಏಳಲು ಹೋದ. ಅವಳು ಹೆಗಲ ಮೇಲೆ ಕೈಯಿಟ್ಟು ತಡೆದಳು.

"ಏನಾಯ್ತು? ಪಾಸಾ?" ಅವನ ಕಣ್ಣು ಪೂರ್ತಿ ತೆರೆದಿರಲಿಲ್ಲ.

"ಪಾಸು. ದೀಪ ಹತ್ತೋ ಮುಂಚೆನೇ ಒತ್ತುತ್ತಿದ್ದೀರ ಅಂತ ಡಾಕ್ಟರು ಬೈದ್ರು."

ಅವನು ನಕ್ಕ. ಆಮೇಲೆ ಆ ನಗು ಮೆಲ್ಲಗೆ ಇಳಿಯಿತು. "ಹಾಗಾದ್ರೆ ಇನ್ಮೇಲೆ ವರದಿ ಕೊಡೋಕೆ ಬರಲ್ಲ ನೀವು."

"ಬರ್ಬೇಕಾ?"

ನಿದ್ದೆಗಣ್ಣಿನ ಮನುಷ್ಯನಿಗೆ ಹೆದರಿಕೆ ಕಡಿಮೆ. ಹತ್ತು ದಿನದಿಂದ ಬಾಯಿಗೆ ಹಾಕಿದ್ದ ಬೀಗ ತಾನಾಗಿ ಕಳಚಿತು. "ಬರ್ಬೇಕು. ದಿನಾ ಬರ್ಬೇಕು. ಬಂದು ವಾಪಸು ಹೋಗ್ಬಾರ್ದು. ನಂಗೆ ನೀವು ಇಷ್ಟ ಅಂತ ಆ ಸ್ಪ್ರಿಂಗ್ ಪುಸ್ತಕದ ದಿನಾನೇ ಗೊತ್ತಾಯ್ತು. ಫೋನಲ್ಲಿ ಹೇಳ್ಬಿಡ್ತೀನಿ ಅಂತ ಹೆದರಿ ಎರಡೇ ಮಾತಿನ ಕಟ್ಟುಪಾಡು ಹಾಕ್ದೆ."

ಅವಳು ಹಾಸಿಗೆಯ ಅಂಚಿನಲ್ಲಿ, ತನ್ನ ಎಂದಿನ ಜಾಗದಲ್ಲಿ, ಕೂತಳು. "ನಾನೂ ಎರಡು ಮಾತಾದ ಮೇಲೆ ಫೋನು ಹಿಡ್ಕೊಂಡು ಅಡುಗೆಮನೇಲಿ ನಿಂತಿರ್ತಿದ್ದೆ," ಅಂದಳು. "ಮೂರನೆಯದು ಹೇಳ್ತೀರೇನೋ ಅಂತ. ಹತ್ತು ದಿನ ಕಾದೆ. ಒಳ್ಳೇ ಪತ್ತೇದಾರ ನೀವು."

ಅವನಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯಲಿಲ್ಲ.

"ಹೀಗೆ ಒಬ್ಬರೇ ದಿನಾ ನೈಟ್ ಶಿಫ್ಟ್ ಮಾಡಿದ್ರೆ ಆಗಲ್ಲ," ಅಂದಳು ಅವಳು ತೀರ ಆಫೀಸಿನ ದನಿಯಲ್ಲಿ. "ಒಂದೇ ಮನೇಲಿ ಇಬ್ರಿದ್ರೆ ಹಂಚ್ಕೋಬಹುದು. ಒಂದು ದಿನ ನೀವು, ಒಂದು ದಿನ ನಾನು. ಯಾರ ಡ್ಯೂಟಿನೋ ಅವರೂ ಮಲಗಬಹುದು, ಪಕ್ಕದಲ್ಲೇ ಇರ್ತಾರಲ್ಲ. ಈಗ ಮಲಗಿ. ಯಾರೇ ಬಂದ್ರೂ ನಾನು ನೋಡ್ಕೋತೀನಿ."

ಅವನ ಕಣ್ಣು ಮತ್ತೆ ಭಾರವಾಗುತ್ತಿತ್ತು. ಆದರೂ ಹಟ ಹಿಡಿದು ತೆರೆದಿಟ್ಟುಕೊಂಡ. "ಡ್ಯೂಟಿ ಕೊಟ್ಟೆ," ಅಂದ. "ಇವತ್ತಿಗೆ ಮಾತ್ರ ಅಲ್ಲ. ಕೊನೇ ತನಕ. ಸರೀನಾ?"

ಅವಳು ಅವನನ್ನೇ ನೋಡುತ್ತಾ ತಲೆ ಆಡಿಸಿದಳು.

"ತಲೆ ಆಡಿಸಿದ್ರೆ ನಡೆಯಲ್ಲ ಮೇಡಂ. ನಿಮ್ಮದೇ ರೂಲು. ಬಾಯಿಬಿಟ್ಟು ಅನ್ಬೇಕು."

ಹೊರಗೆ ಬಾಗಿಲ ಗಂಟೆ ಸದ್ದಾಯಿತು. ಯಾರೋ ಗಿರಾಕಿ ಬಂದಿದ್ದರು. ಅವಳು ಎದ್ದು ಪರದೆಯನ್ನು ಅರ್ಧ ಎಳೆದು, ಅವನ ಹಣೆಯ ಮೇಲಿನ ಕೂದಲು ಸರಿಸಿ, ಅವನಿಗೆ ಮಾತ್ರ ಕೇಳಿಸುವ ಹಾಗೆ ಬಗ್ಗಿ ಹೇಳಿದಳು.

"ತಗೊಂಡೆ."